ಚಕ್ರದ ಮನೆ ಹಡಗು ಹತ್ತುವ ಮುನ್ನ

ರಾಯಚೂರು ತಾಲ್ಲೂಕಿನಲ್ಲಿ ಕೃಷ್ಣೆಯ ನಡುಗಡ್ಡೆ ಊರುಗಳಿಗೆ ಅಡುಗೆ ಅನಿಲದ ಸಿಲಿಂಡರು ತೆಪ್ಪದಲ್ಲಿ ಹೋಗುವುದನ್ನು ಕಂಡವರಿಗೆ ಈ ಲೇಖನದ ಅರ್ಧ ವಿಷಯ ಆಗಲೇ ಗೊತ್ತಿದೆ. ಗ್ಯಾಸ್ ಏಜೆನ್ಸಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಲೆಕ್ಕ ಬರೆದವನು ನಾನು. ಕುರ್ವಕುಲಾ, ಕುರ್ವಕುರ್ದಾ ಕಡೆ ಹೊರಟ ಸಿಲಿಂಡರುಗಳ ಜೊತೆ ಕೆಲವು ಸಲ ನದಿಯ ದಡದವರೆಗೆ ಹೋಗಿದ್ದೇನೆ. ಅಂಬಿಗ ಸಿಲಿಂಡರನ್ನು ಮಲಗಿಸಲು ಬಿಡುತ್ತಿರಲಿಲ್ಲ, ತೆಪ್ಪದ ನಡುವೆ ನೆಟ್ಟಗೆ ನಿಲ್ಲಿಸುತ್ತಿದ್ದ. ಬಾಗಿ ಅದರ ಬಾಯಿಯನ್ನು ಒಮ್ಮೆ ಮೂಸುತ್ತಿದ್ದ. ಆಮೇಲೆ ಕುಳಿತವರ ಕೈಗಳನ್ನೆಲ್ಲ ನೋಡಿ, ಯಾರಾದರೂ ಬೀಡಿ ಹಚ್ಚಿದ್ದರೆ, "ಒಂದೋ ಅದನ್ನು ನೀರಿಗೆ ಹಾಕು, ಇಲ್ಲವೇ ನೀನು ಇಳಿ" ಎನ್ನುತ್ತಿದ್ದ. ಅವನಿಗೆ ಯಾವ ನಿಯಮಾವಳಿಯೂ ತಿಳಿದಿರಲಿಲ್ಲ. ನಡುನೀರಿನಲ್ಲಿ ಬೆಂಕಿ ಬಿದ್ದರೆ ಓಡಲು ದಾರಿಯಿಲ್ಲ ಎಂಬುದೊಂದು ತಿಳಿದಿತ್ತು.

2025ರ ಜುಲೈಯಲ್ಲಿ ಇಂಗ್ಲೆಂಡಿನ ಡೋವರ್ ಬಂದರಿನಲ್ಲಿ ಹಳದಿ ಕೋಟು ತೊಟ್ಟ ಹೆಣ್ಣುಮಗಳೊಬ್ಬಳು ನಮ್ಮ ಗಾಡಿಯನ್ನು ಸಾಲಿನಿಂದ ಪಕ್ಕಕ್ಕೆ ತೆಗೆಸಿ, ಮೊದಲು ಕೇಳಿದ ಪ್ರಶ್ನೆ "ಗ್ಯಾಸ್ ಬಂದ್ ಮಾಡಿದ್ದೀರಾ?" ಎಂದು. ನನಗೆ ಅಂಬಿಗ ನೆನಪಾದ.

ಮಗಳೂ ಅಳಿಯನೂ ಅಲ್ಲಿದ್ದಾರೆ. ನಾನು, ನನ್ನ ಹೆಂಡತಿ ಅವರನ್ನು ನೋಡಲು ಹೋದಾಗ ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು, ವಾಹನಗಳನ್ನೂ ಹೊತ್ತೊಯ್ಯುವ ಹಡಗಿನಲ್ಲಿ ಫ್ರಾನ್ಸಿಗೆ ಹೊರಟೆವು. ನಮ್ಮ ಕಡೆ ಕ್ಯಾರವಾನ್ ಎಂದರೆ ಸಿನಿಮಾದವರು ಬಣ್ಣ ಹಚ್ಚಿಕೊಳ್ಳಲು ತರುವ ಬಸ್ಸು. ಅಲ್ಲಿ ಅದು ಕಾರಿನ ಕೊಂಡಿಗೆ ಸಿಕ್ಕಿಸಿ ಎಳೆಯುವ ಪುಟ್ಟ ಮನೆ. ಒಲೆ, ಫ್ರಿಜ್, ಹಾಸಿಗೆ, ಶೌಚಾಲಯ ಎಲ್ಲವೂ ಅದರೊಳಗೇ. ಎಂಜಿನ್ ಕೂಡ ಜೊತೆಗೇ ಇದ್ದರೆ ಅದನ್ನು ಮೋಟರ್‌ಹೋಮ್ ಎನ್ನುತ್ತಾರೆ. ಊರಿಗೆ ಮರಳಿದ ಮೇಲೆ, ಮಕ್ಕಳನ್ನು ಆ ಕಡೆ ಕಳಿಸಿದ ಮೂರು ನಾಲ್ಕು ಮನೆಯವರು "ಬಂದರಿನಲ್ಲಿ ಅಷ್ಟೊಂದು ಏನು ಹುಡುಕುತ್ತಾರೆ?" ಎಂದು ಕೇಳಿದರು. ಬಾಯಲ್ಲಿ ಹೇಳಿದ್ದು ಪ್ರತಿ ಸಲ ಒಂದೊಂದು ರೀತಿ ಆಗುತ್ತಿರುವುದರಿಂದ ಬರೆದಿಡುತ್ತಿದ್ದೇನೆ.

ಬಂದರಿನ ತಪಾಸಣೆಯೆಂದರೆ ಎಲ್ಲವನ್ನೂ ಒಬ್ಬನೇ ನೋಡುವ ಒಂದು ಕೆಲಸ ಎಂದು ನಾನೂ ತಿಳಿದಿದ್ದೆ. ಹಾಗಿಲ್ಲ. ಅಲ್ಲಿ ನಿಂತ ಒಬ್ಬೊಬ್ಬರಿಗೂ ಒಂದೊಂದು ಭಯ. ಹಡಗಿನವರಿಗೆ ಬೆಂಕಿಯ ಭಯ, ಭದ್ರತೆಯವರಿಗೆ ಬಾಂಬಿನ ಭಯ, ಗಡಿ ಪೊಲೀಸರಿಗೆ ಕದ್ದು ಬರುವ ಮನುಷ್ಯರ ಭಯ, ಕೃಷಿ ಇಲಾಖೆಗೆ ದನದ ರೋಗದ ಭಯ. ಬರಿಯ ಕಾರು ಇವರಲ್ಲಿ ಒಬ್ಬಿಬ್ಬರನ್ನು ಕೆಣಕಬಹುದು. ಕ್ಯಾರವಾನ್ ಎಲ್ಲರನ್ನೂ ಒಟ್ಟಿಗೆ ಕೆಣಕುತ್ತದೆ. ಅದರಲ್ಲಿ ಉರಿಯುವ ಒಲೆಯಿದೆ, ಬೀಗ ಹಾಕಿದ ಕಪಾಟುಗಳಿವೆ, ಮನುಷ್ಯ ಮಲಗುವಷ್ಟು ಉದ್ದದ ಪೆಟ್ಟಿಗೆಯಿದೆ, ಹಾಲುಮೊಸರಿನ ಫ್ರಿಜ್ ಇದೆ. ಇಷ್ಟು ತಿಳಿದರೆ ಯಾರು ಯಾವ ಬಾಗಿಲು ಏಕೆ ತೆಗೆಸುತ್ತಿದ್ದಾರೆ ಎಂಬುದು ತಾನೇ ಬಿಡಿಸಿಕೊಳ್ಳುತ್ತದೆ.

ಗ್ಯಾಸಿನಿಂದಲೇ ಆರಂಭಿಸುತ್ತೇನೆ, ಅದು ನನ್ನ ವೃತ್ತಿ.

ನಮ್ಮ ಮನೆಯ ಸಿಲಿಂಡರಿನಲ್ಲಿ 14.2 ಕೆ.ಜಿ. ಅನಿಲ ಇರುತ್ತದೆ, ಬ್ಯುಟೇನ್, ಪ್ರೊಪೇನ್ ಎರಡೂ ಬೆರೆತದ್ದು. ಬ್ರಿಟನ್ನಿನಲ್ಲಿ ಅವೆರಡನ್ನು ಬೇರೆ ಬೇರೆಯಾಗಿ ಮಾರುತ್ತಾರೆ. ಸಾಮಾನ್ಯವಾಗಿ ನೀಲಿ ಸಿಲಿಂಡರು ಬ್ಯುಟೇನ್, ಕೆಂಪು ಸಿಲಿಂಡರು ಪ್ರೊಪೇನ್. ಚಳಿ ಸೊನ್ನೆ ಡಿಗ್ರಿಗೆ ಇಳಿದರೆ ಬ್ಯುಟೇನ್ ಆವಿಯಾಗದೆ ದ್ರವವಾಗಿಯೇ ಕುಳಿತುಬಿಡುತ್ತದೆ, ಒಲೆ ಹತ್ತುವುದಿಲ್ಲ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ಆವಿಯಾಗುತ್ತದೆ. (ನಮ್ಮೂರಿನಲ್ಲಿ 42 ಎಂದರೆ ಮೇ ತಿಂಗಳ ಮಧ್ಯಾಹ್ನ.) ನಮ್ಮ ಕ್ಯಾರವಾನಿನಲ್ಲಿದ್ದುದು 6 ಕೆ.ಜಿ.ಯ ಒಂದು ಕೆಂಪು ಸಿಲಿಂಡರು. ಅದರ ಪೆಟ್ಟಿಗೆಯ ತಳದಲ್ಲಿ ಅಂಗೈಯಗಲದ ತೂತು ಕಂಡು, ತುಕ್ಕು ಹಿಡಿದು ಬಿದ್ದಿರಬೇಕು ಎಂದು ಅಳಿಯನಿಗೆ ಹೇಳಿದೆ. "ಇಲ್ಲ ಮಾವ, ಅದನ್ನು ಬೇಕೆಂದೇ ಬಿಟ್ಟಿರುತ್ತಾರೆ" ಎಂದ. ಇಪ್ಪತ್ತೆಂಟು ವರ್ಷ ಗ್ಯಾಸಿನ ಲೆಕ್ಕ ಬರೆದವನಿಗೆ ಅಷ್ಟು ಹೊಳೆಯಬೇಕಿತ್ತು. ಅಡುಗೆ ಅನಿಲ ಗಾಳಿಗಿಂತ ಭಾರ. ಪ್ರೊಪೇನ್ ಸುಮಾರು ಒಂದೂವರೆ ಪಟ್ಟು, ಬ್ಯುಟೇನ್ ಸುಮಾರು ಎರಡು ಪಟ್ಟು. ಸೋರಿದರೆ ಮೇಲೇರದು, ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹರಿಯುತ್ತದೆ. ರಸ್ತೆಯ ಮೇಲಿದ್ದಾಗ ಆ ತೂತಿನಿಂದ ಕೆಳಗಿಳಿದು ಗಾಳಿಯಲ್ಲಿ ಚೆದುರಿಹೋಗಲಿ ಎಂದು ಹಾಗೆ ಮಾಡಿದ್ದಾರೆ.

ಹಡಗಿನಲ್ಲಿ ಇದೇ ಉಪಾಯ ತಿರುಗಿ ಬೀಳುತ್ತದೆ. ವಾಹನಗಳನ್ನು ನಿಲ್ಲಿಸುವ ಅಂತಸ್ತು ಸುತ್ತಲೂ ಉಕ್ಕು ಮುಚ್ಚಿದ ಒಂದೇ ಉದ್ದನೆಯ ಮೊಗಸಾಲೆ. ತೂತಿನಿಂದ ಇಳಿದ ಅನಿಲ ಅಲ್ಲಿ ನೆಲದ ಮೇಲೆಯೇ, ನೂರಾರು ಕಾರುಗಳ ಹೊಟ್ಟೆಯ ಕೆಳಗೆ ಹರಡಿಕೊಳ್ಳುತ್ತದೆ. ಹಳೆಯ ಚಟಕ್ಕೆ ಲೆಕ್ಕ ಹಾಕಿ ನೋಡಿದೆ. 6 ಕೆ.ಜಿ. ಪ್ರೊಪೇನ್ ಪೂರ್ತಿ ಆವಿಯಾದರೆ ಸುಮಾರು 3 ಘನ ಮೀಟರ್. ಗಾಳಿಯಲ್ಲಿ ಅದು ನೂರಕ್ಕೆ ಎರಡು ಪಾಲಿನಷ್ಟು ಬೆರೆತರೂ ಕಿಡಿ ತಾಗಿದಾಗ ಹೊತ್ತಿಕೊಳ್ಳುತ್ತದೆ. ಅಂದರೆ ಒಂದು ಪುಟ್ಟ ಸಿಲಿಂಡರು ಸುಮಾರು 150 ಘನ ಮೀಟರ್ ಗಾಳಿಯನ್ನು ಹೊತ್ತಿಕೊಳ್ಳುವ ಹದಕ್ಕೆ ತರಬಲ್ಲದು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಐದು ಕೋಣೆಗಳಷ್ಟು! ಅಲ್ಲಿ ದೊಡ್ಡ ಫ್ಯಾನುಗಳು ಗಾಳಿಯನ್ನು ಹೊರಗೆ ತಳ್ಳುತ್ತಿರುತ್ತವೆ, ಆ ಮಾತು ಬೇರೆ. ಆದರೆ ಫ್ಯಾನನ್ನು ನಂಬಿ ವಾಲ್ವ್ ತೆರೆದಿಡುವುದನ್ನು ಯಾವ ಅಂಬಿಗನೂ ಒಪ್ಪುವುದಿಲ್ಲ.

ಆದ್ದರಿಂದ ಸಿಲಿಂಡರಿನ ವಾಲ್ವನ್ನೇ ಬಂದ್ ಮಾಡಿರಬೇಕು. ಒಲೆಯ ಗುಂಡಿ ತಿರುಗಿಸಿದ್ದೇನೆ ಎಂದರೆ ಸಾಲದು. ಗುಂಡಿ ತಿರುಗಿಸಿದರೆ ಪೈಪಿನಲ್ಲಿ ಅನಿಲ ನಿಂತೇ ಇರುತ್ತದೆ. ರಾಯಚೂರಿನಲ್ಲಿಯೂ ರಾತ್ರಿ ರೆಗ್ಯುಲೇಟರ್ ಬಂದ್ ಮಾಡಿ ಮಲಗಿ ಎಂದು ನಾವು ಗ್ರಾಹಕರಿಗೆ ಹೇಳಿ ಹೇಳಿ ಸೋತದ್ದು ಇದನ್ನೇ. ಸಿಲಿಂಡರು ನೆಟ್ಟಗೆ ನಿಂತು, ಪಟ್ಟಿಯಿಂದ ಬಿಗಿದಿರಬೇಕು. ಮಲಗಿಸಿದರೆ ಆವಿ ಬರಬೇಕಾದ ಬಾಯಿಗೆ ದ್ರವ ಬಂದು ನಿಲ್ಲುತ್ತದೆ, ಒಂದು ಲೀಟರ್ ದ್ರವ ಸೋರಿದರೆ ಸುಮಾರು 250 ಲೀಟರ್ ಆವಿ. ತೆಪ್ಪದವನು ಓದದೆಯೇ ತಿಳಿದದ್ದು.

ಹಲವರು ಮರೆಯುವುದು ಫ್ರಿಜ್. ಕ್ಯಾರವಾನಿನ ಫ್ರಿಜ್ ಮನೆಯದರಂತೆ ಅಲ್ಲ. ಕರೆಂಟಿನಿಂದಲೂ ನಡೆಯುತ್ತದೆ, ಕಾರಿನ ಬ್ಯಾಟರಿಯಿಂದಲೂ ನಡೆಯುತ್ತದೆ, ಎರಡೂ ಇಲ್ಲದಾಗ ಗ್ಯಾಸಿನಿಂದಲೂ ನಡೆಯುತ್ತದೆ. ಗ್ಯಾಸಿನಲ್ಲಿ ನಡೆಯುವಾಗ ಅದರ ಬೆನ್ನಿನಲ್ಲಿ ಕಣ್ಣಿಗೆ ಬೀಳದ ಸಣ್ಣ ಜ್ವಾಲೆಯೊಂದು ಉರಿಯುತ್ತಿರುತ್ತದೆ. ತಂಪು ಮಾಡುವ ಪೆಟ್ಟಿಗೆಯ ಹಿಂದೆ ಬೆಂಕಿ ಇದೆ ಎಂದರೆ ನನ್ನ ಹೆಂಡತಿ ಈಗಲೂ ನಂಬುವುದಿಲ್ಲ. ಹಡಗಿನಲ್ಲಿ ಅದು ಆರಿರಲೇಬೇಕು.

ಎಷ್ಟು ಸಿಲಿಂಡರು ಒಯ್ಯಬಹುದು ಎಂಬುದನ್ನು ಒಂದೊಂದು ಹಡಗು ಕಂಪನಿ ಒಂದೊಂದು ರೀತಿ ಹೇಳುತ್ತದೆ, ಟಿಕೆಟ್ ಮಾಡಿಸುವಾಗಲೇ ಓದಿಕೊಳ್ಳಬೇಕು. ಅದೇ ಕಡಲಿನ ಅಡಿಯ ಸುರಂಗದಲ್ಲಿ ವಾಹನಗಳನ್ನು ಹೊತ್ತೊಯ್ಯುವ ರೈಲಿನಲ್ಲಿ ಮಿತಿ ಸ್ಪಷ್ಟ: ಎತ್ತಿ ಇಡುವಂಥ ಸಿಲಿಂಡರು ಒಂದೇ ಆದರೆ 47 ಕೆ.ಜಿ.ವರೆಗೆ, ಒಂದಕ್ಕಿಂತ ಹೆಚ್ಚಿದ್ದರೆ ಎಲ್ಲ ಸೇರಿ 50 ಕೆ.ಜಿ. ಅನಿಲದಿಂದಲೇ ಓಡುವ ಕಾರನ್ನು ಆ ರೈಲು ಹತ್ತಿಸುವುದಿಲ್ಲ. ಡಬ್ಬಿಯಲ್ಲಿ ಪೆಟ್ರೋಲ್ ತುಂಬಿಕೊಂಡು ಹೋಗುವ ನಮ್ಮ ಹಳ್ಳಿಯ ರೂಢಿಯನ್ನಂತೂ ಬಂದರಿನಿಂದ ದೂರವೇ ಇಡಬೇಕು.

ಇನ್ನು ಬಾಂಬಿನ ಭಯ. ನ್ಯೂಯಾರ್ಕಿನ ಅವಳಿ ಗೋಪುರಗಳು 2001ರಲ್ಲಿ ಉರುಳಿದ ಮೇಲೆ, ವಿಮಾನದಂತೆ ಹಡಗೂ ಆಯುಧವಾಗಬಹುದು ಎಂಬ ಎಚ್ಚರ ಮೂಡಿತು. ಲಂಡನ್ನಿನಲ್ಲಿ ಕಚೇರಿಯಿರುವ ಅಂತರರಾಷ್ಟ್ರೀಯ ಕಡಲ ಸಂಸ್ಥೆ 2002ರ ಡಿಸೆಂಬರಿನಲ್ಲಿ ಹಡಗು ಮತ್ತು ಬಂದರುಗಳ ಭದ್ರತಾ ಸಂಹಿತೆಯನ್ನು ಒಪ್ಪಿತು. ಅದು ಜಾರಿಗೆ ಬಂದದ್ದು 2004ರ ಜುಲೈ 1ರಂದು. ಆ ಸಂಹಿತೆ ಜಾರಿಯಾಗಲು ನಾಲ್ಕು ತಿಂಗಳು ಉಳಿದಿದ್ದಾಗ, 2004ರ ಫೆಬ್ರುವರಿ 27ರಂದು, ಫಿಲಿಪ್ಪೀನ್ಸಿನ ಮನಿಲಾದಿಂದ ಹೊರಟ ಸೂಪರ್‌ಫೆರಿ 14 ಎಂಬ ಹಡಗಿನಲ್ಲಿ ಬಾಂಬು ಸಿಡಿದು 116 ಜನ ಸತ್ತರು. ಬಾಂಬನ್ನು ಇಟ್ಟಿದ್ದು ಟಿ.ವಿ.ಯ ಒಳಗೆ. ಪ್ರಯಾಣಿಕನ ಸಾಮಾನು ಎಂದು ಅದು ಹಡಗು ಹತ್ತಿತ್ತು. "ಈ ಸಾಮಾನನ್ನೆಲ್ಲ ನೀವೇ ತುಂಬಿದಿರಾ? ಯಾರಾದರೂ ಏನನ್ನಾದರೂ ಒಯ್ಯಲು ಕೊಟ್ಟಿದ್ದಾರೆಯೇ?" ಎಂದು ಬಂದರಿನಲ್ಲಿ ಕೇಳುವಾಗ ಬೇಸರದ ಮುಖ ಮಾಡುವವರು ಆ ಟಿ.ವಿ.ಯನ್ನು ನೆನೆಯಬೇಕು. ನಮ್ಮ ಜನಕ್ಕಂತೂ ಈ ಪ್ರಶ್ನೆ ಕಷ್ಟ. "ಅಲ್ಲಿ ನಮ್ಮ ತಂಗಿಯ ಮಗ ಇದ್ದಾನೆ, ಈ ಡಬ್ಬಿ ಕೊಟ್ಟುಬಿಡಿ" ಎಂದರೆ ಇಲ್ಲ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಡಬ್ಬಿ ಒಯ್ಯುವುದಾದರೆ ಮುಚ್ಚಳ ತೆಗೆದು ನೋಡಿಯೇ ಒಯ್ಯಿರಿ, ಕೇಳಿದಾಗ ನಿಜ ಹೇಳಿ.

ಆ ಸಂಹಿತೆಯಲ್ಲಿ ಎಚ್ಚರದ ಮೂರು ಮಟ್ಟಗಳಿವೆ. ಒಂದನೆಯದು ದಿನನಿತ್ಯದ್ದು, ಎರಡನೆಯದು ಅಪಾಯದ ಸುಳಿವು ಹೆಚ್ಚಿದಾಗ, ಮೂರನೆಯದು ದಾಳಿ ಇನ್ನೇನು ಆಗಲಿದೆ ಎಂಬಂತಿರುವಾಗ. ದಿನನಿತ್ಯದ ಮಟ್ಟದಲ್ಲಿ ಎಲ್ಲ ಗಾಡಿಗಳನ್ನೂ ತೆಗೆಸಿ ನೋಡುವುದಿಲ್ಲ, ನಡುನಡುವೆ ಕೆಲವನ್ನು ಆರಿಸಿಕೊಳ್ಳುತ್ತಾರೆ. ಅಂದು ನಮ್ಮ ಮುಂದಿನ ಕಾರು ಹೋಯಿತು, ಹಿಂದಿನದೂ ಹೋಯಿತು, ನಾವು ಉಳಿದೆವು. ನಮ್ಮ ಮೈಬಣ್ಣಕ್ಕೇ ಹೀಗೆ ಎಂದು ಅಳಿಯ ಸ್ವಲ್ಪ ಬಿಸಿಯಾದ. ಇರಬಹುದೋ ಏನೋ ಎಂದು ನನಗೂ ಅನಿಸಿತ್ತು. ಸ್ವಲ್ಪ ಹೊತ್ತಿನಲ್ಲಿ ನಮ್ಮ ಪಕ್ಕಕ್ಕೆ ಬಂದು ನಿಂತ ಮೋಟರ್‌ಹೋಮಿನಿಂದ ಎಂಬತ್ತರ ಆಸುಪಾಸಿನ ಆಂಗ್ಲ ದಂಪತಿ ಇಳಿದರು. ಅಳಿಯ ತಣ್ಣಗಾದ.

ಆ ಹೆಣ್ಣುಮಗಳು ಉದ್ದ ಕೋಲಿನ ತುದಿಯ ಕನ್ನಡಿಯಿಂದ ಗಾಡಿಯ ತಳ ನೋಡಿದಳು. ಬಿಳಿಯ ಬಟ್ಟೆಯ ಪಟ್ಟಿಯೊಂದರಿಂದ ಸ್ಟೀರಿಂಗನ್ನೂ ಬಾಗಿಲ ಹಿಡಿಕೆಯನ್ನೂ ಒರೆಸಿ ಯಂತ್ರಕ್ಕೆ ಕೊಟ್ಟಳು. ಸ್ಫೋಟಕ ಮುಟ್ಟಿದ ಕೈ ಹಿಡಿಕೆ ಮುಟ್ಟಿದ್ದರೆ ಅದರ ಕಣ ಆ ಪಟ್ಟಿಗೆ ಬರುತ್ತದೆ, ಯಂತ್ರ ಕೆಲವು ಸೆಕೆಂಡುಗಳಲ್ಲಿ ಹೇಳುತ್ತದೆ. ಯಂತ್ರ ಒಮ್ಮೊಮ್ಮೆ ಸುಮ್ಮಸುಮ್ಮನೆ ಕೂಗುವುದೂ ಉಂಟು. ಎದೆನೋವಿಗೆ ನಾಲಿಗೆಯ ಕೆಳಗಿಡುವ ಕೆಲವು ಮಾತ್ರೆಗಳಲ್ಲಿರುವುದು ನೈಟ್ರೋಗ್ಲಿಸರಿನ್. ಡೈನಮೈಟಿನಲ್ಲಿ ಇರುವುದೂ ಅದೇ. ನೈಟ್ರೇಟ್ ಗೊಬ್ಬರ ಎರಚಿದ ಕೈಯೂ ಅನುಮಾನ ತರಬಲ್ಲದು. ಹತ್ತಿ ಹೊಲದಿಂದ ನೇರ ಡೋವರಿಗೆ ಹೋಗುವವರು ಯಾರೂ ಇಲ್ಲ, ಆದರೆ ಮಾತ್ರೆ ನುಂಗುವ ಹಿರಿಯರು ಬಹಳ. ವೈದ್ಯರ ಚೀಟಿ ಜೊತೆಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಆಮೇಲೆ ಅವಳು ಅಡುಗೆಯ ಕಪಾಟು ತೆಗೆದು ಬಟ್ಟೆ ಸುತ್ತಿದ ವಸ್ತುವೊಂದನ್ನು ಎರಡೂ ಕೈಯಲ್ಲಿ ಎತ್ತಿದಳು. ನನ್ನ ಹೆಂಡತಿಯ ಈಳಿಗೆ. ಮಗಳ ಮನೆಗೆಂದು ಊರಿನಿಂದ ಒಯ್ದದ್ದು, ಅಲ್ಲಿಂದ ಕ್ಯಾರವಾನಿಗೂ ಬಂದಿತ್ತು. ಬಟ್ಟೆ ಬಿಚ್ಚಿದಳು, ಮಡಚಿದ ಅಲಗನ್ನು ನಿಲ್ಲಿಸಿದಳು, ಅದರ ತಲೆಯ ಮೇಲಿನ ಕಾಯಿ ತುರಿಯುವ ಹಲ್ಲುಗಳನ್ನು ಮುಟ್ಟಿ ನೋಡಿದಳು. ಇದೇನು ಎಂಬಂತೆ ಮಗಳ ಮುಖ ನೋಡಿದಳು. ಮಗಳು ಅಲ್ಲೇ ಡಾಂಬರಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, ಮಣೆಯನ್ನು ಪಾದದಿಂದ ಒತ್ತಿ, ಕೈಯಲ್ಲಿಲ್ಲದ ಈರುಳ್ಳಿಯನ್ನು ಹೆಚ್ಚಿ ತೋರಿಸಿದಳು. ಅಧಿಕಾರಿಣಿ ನಕ್ಕು, ಇನ್ನೊಬ್ಬನನ್ನು ಕೂಗಿ ಕರೆದು ಅವನಿಗೂ ತೋರಿಸಿದಳು. ಅಡುಗೆಯ ಚಾಕು ಕಪಾಟಿನಲ್ಲಿ ಇದ್ದರೆ ತಕರಾರಿಲ್ಲ, ಅದನ್ನು ಚೀಲದಲ್ಲಿಟ್ಟುಕೊಂಡು ಪ್ರಯಾಣಿಕರ ಅಂತಸ್ತಿಗೆ ತರಬಾರದು, ಅಷ್ಟೇ. ಆದರೆ ಹೆಣ್ಣುಮಕ್ಕಳು ರಕ್ಷಣೆಗೆಂದು ನಮ್ಮಲ್ಲಿ ಪರ್ಸಿನಲ್ಲಿಡುವ ಖಾರದ ಸ್ಪ್ರೇ ಬ್ರಿಟನ್ನಿನಲ್ಲಿ ಕಾನೂನಿನಂತೆ ನಿಷಿದ್ಧ ಆಯುಧ. ಈಳಿಗೆ ಪಾರಾಗುತ್ತದೆ, ಅದು ಪಾರಾಗುವುದಿಲ್ಲ.

ಹಡಗು ಹತ್ತಿದ ಮೇಲೆ ಕ್ಯಾರವಾನಿನಲ್ಲೇ ಮಲಗಿರಬಹುದಲ್ಲ, ಹಾಸಿಗೆ ಹೇಗೂ ಇದೆ ಎಂದು ನಾನು ಆಸೆಪಟ್ಟಿದ್ದೆ. ಬಿಡುವುದಿಲ್ಲ. ಬ್ರೇಕ್ ಹಾಕಿ, ಗಾಡಿಯ ಅಲಾರಂ ಆರಿಸಿ (ಹಡಗು ಓಲಾಡಿದರೆ ಅದು ಕೂಗತೊಡಗುತ್ತದೆ), ಬಾಗಿಲು ಹಾಕಿ ಮೇಲಕ್ಕೆ ಹೋಗಬೇಕು. ಕಾರಣ ಮತ್ತೆ ಆ ಅಡ್ಡಗೋಡೆಯಿಲ್ಲದ ಮೊಗಸಾಲೆ. 1987ರ ಮಾರ್ಚ್ 6ರಂದು ಬೆಲ್ಜಿಯಂನ ಝೀಬ್ರುಗ ಬಂದರಿನಿಂದ ಮುಂಬಾಗಿಲು ಮುಚ್ಚದೆಯೇ ಹೊರಟ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಹಡಗಿನ ವಾಹನ ಅಂತಸ್ತಿಗೆ ನೀರು ನುಗ್ಗಿ ನಿಮಿಷಗಳಲ್ಲಿ ಮಗುಚಿತು. 193 ಜನ ಸತ್ತರು. ತಡೆಯಲು ಅಡ್ಡಗೋಡೆ ಇಲ್ಲದ ಕಡೆ ನೀರು ಹೇಗೆ ಹರಿಯುತ್ತದೆಯೋ ಹೊಗೆಯೂ ಹಾಗೆಯೇ. 2022ರ ಫೆಬ್ರುವರಿಯಲ್ಲಿ ಗ್ರೀಸಿನಿಂದ ಇಟಲಿಗೆ ಹೊರಟ ಯೂರೋಫೆರಿ ಒಲಿಂಪಿಯಾ ಹಡಗಿಗೆ ಬೆಂಕಿ ಬಿದ್ದು 11 ಜನ ಸತ್ತರು, ಅವರಲ್ಲಿ ಬಹುತೇಕರು ಲಾರಿ ಚಾಲಕರು. ಗ್ರೀಸ್ ಮತ್ತು ಇಟಲಿಯ ನಡುವೆ ಬೇಸಿಗೆಯಲ್ಲಿ ಓಡುವ ಕೆಲವು ಹಡಗುಗಳಲ್ಲಿ ಮಾತ್ರ, ಗಾಳಿಯಾಡುವ ಅಂತಸ್ತಿನಲ್ಲಿ ನಿಲ್ಲಿಸಿದ ಕ್ಯಾರವಾನಿನೊಳಗೇ ಮಲಗಲು ಅವಕಾಶವಿದೆ. ಅಲ್ಲಿಯೂ ಗ್ಯಾಸ್ ಹಚ್ಚುವಂತಿಲ್ಲ.

ಪಾಸ್‌ಪೋರ್ಟಿನ ವಿಷಯ ಬೇಗ ಮುಗಿಸುತ್ತೇನೆ. ಬ್ರಿಟನ್ ಮತ್ತು ಫ್ರಾನ್ಸ್ 2003ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಫ್ರೆಂಚ್ ಪೊಲೀಸರು ಡೋವರಿನಲ್ಲೇ ಕುಳಿತಿರುತ್ತಾರೆ, ಬ್ರಿಟಿಷರು ಫ್ರಾನ್ಸಿನ ಕ್ಯಾಲೆ ಬಂದರಿನಲ್ಲಿ. ಹಡಗು ಹತ್ತುವ ಮೊದಲೇ ಆಚೆ ದಡದ ದೇಶ ನಿಮ್ಮನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಅಥವಾ ಬಿಡುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಬ್ರಿಟನ್ನಿನ ವೀಸಾ ಸಾಲದು, ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾ ಬೇರೆ ಬೇಕು. ನಮ್ಮ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿದರು. 2025ರ ಅಕ್ಟೋಬರ್ 12ರಿಂದ ಐರೋಪ್ಯ ಒಕ್ಕೂಟ ಮುದ್ರೆಯ ಬದಲು ಮುಖದ ಚಿತ್ರ, ಬೆರಳಚ್ಚುಗಳ ದಾಖಲೆಯನ್ನು ಹಂತಹಂತವಾಗಿ ತರತೊಡಗಿತು.

ಫ್ರಿಜ್ಜಿನೊಳಗಿನದು ಇನ್ನೊಂದು ತಂಟೆ. ಬ್ರಿಟನ್ನಿನಿಂದ ಐರೋಪ್ಯ ಒಕ್ಕೂಟದೊಳಕ್ಕೆ ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಇಂಗ್ಲೆಂಡಿನ ಅಂಗಡಿಯಲ್ಲೇ ಕೊಂಡ ತುಪ್ಪದ ಡಬ್ಬಿಯನ್ನು ಮಗಳು ಮನೆಯಲ್ಲೇ ಬಿಟ್ಟಳು. ರೊಟ್ಟಿ, ಶೇಂಗಾ ಚಟ್ನಿಪುಡಿ ಬಂದವು. ಆ ಕಡೆಯಿಂದ ಬರುವಾಗಲೂ ಹಾಗೆಯೇ. ಜರ್ಮನಿಯಲ್ಲಿ 2025ರ ಜನವರಿಯಲ್ಲಿ ಕಾಲುಬಾಯಿ ರೋಗ ಕಾಣಿಸಿದ ಬಳಿಕ, ಏಪ್ರಿಲ್ 12ರಿಂದ ಬ್ರಿಟನ್ ಐರೋಪ್ಯ ಒಕ್ಕೂಟದ ಚೀಸ್, ಮಾಂಸವನ್ನು ಸ್ವಂತಕ್ಕೆ ತರುವುದನ್ನೂ ನಿಲ್ಲಿಸಿತು. ದನ ಕಟ್ಟಿದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಹಟ್ಟಿಗೆ ಕಾಲುಬಾಯಿ ಬಂದರೆ ಊರಿಗೇ ಬಂದಂತೆ.

ಮರಳುವ ದಾರಿಯ ತಪಾಸಣೆ ಬೇರೆ ಜಾತಿಯದು. ಕ್ಯಾಲೆಯ ಸುತ್ತ ಯುದ್ಧ, ಬಡತನಗಳಿಂದ ಓಡಿಬಂದವರು ಬ್ರಿಟನ್ ಸೇರಲು ಕಾಯುತ್ತಿರುತ್ತಾರೆ. ಲಾರಿಗಳನ್ನು ನಾಯಿಗಳಿಂದ, ಎಕ್ಸ್-ರೇಯಿಂದ, ಒಳಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದೆಯೇ ಎಂದು ಅಳೆಯುವ ಸಲಾಕೆಯಿಂದ, ಎದೆಬಡಿತದ ಅದುರನ್ನು ಹಿಡಿಯುವ ಯಂತ್ರದಿಂದ ಪರೀಕ್ಷಿಸುತ್ತಾರೆ. ಉಸಿರಾಡುವವನು ಎಲ್ಲಿ ಅಡಗಿದರೂ ಉಸಿರನ್ನು ಅಡಗಿಸಲಾರ. ಈ ಯಂತ್ರಗಳನ್ನು ಬರಿಯ ಹಿಡಿಯುವ ಯಂತ್ರಗಳೆಂದು ನಾನು ನೋಡಲಾರೆ. 2000ದ ಜೂನಿನಲ್ಲಿ ಡೋವರಿಗೆ ಬಂದ ಟೊಮೆಟೊ ಲಾರಿಯೊಂದರಲ್ಲಿ 58 ಚೀನೀಯರು ಗಾಳಿಯಿಲ್ಲದೆ ಸತ್ತಿದ್ದರು. 2019ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಎಸೆಕ್ಸಿನಲ್ಲಿ ಕಂಟೇನರೊಂದರೊಳಗೆ ವಿಯೆಟ್ನಾಮಿನ 39 ಜನ. ಆ ಸಲಾಕೆ ಸರಿಯಾದ ಹೊತ್ತಿನಲ್ಲಿ ಒಳಗೆ ಹೋಗಿದ್ದರೆ ಅವರು ಸಿಕ್ಕಿಬೀಳುತ್ತಿದ್ದರು, ಬದುಕುತ್ತಲೂ ಇದ್ದರು.

ಲಾರಿಗೆ ಬಿಗಿ ಹೆಚ್ಚಿದಂತೆ ಕಣ್ಣು ಸಣ್ಣ ಗಾಡಿಗಳ ಮೇಲೆ ಬೀಳುತ್ತದೆ. ಕ್ಯಾರವಾನಿನಲ್ಲಿ ಹಾಸಿಗೆಯ ಕೆಳಗಿನ ಪೆಟ್ಟಿಗೆ, ಸ್ನಾನದ ಮೂಲೆ, ಚಾವಣಿಯ ಮೇಲಿನ ಡಬ್ಬ, ಹಿಂದೆ ಸೈಕಲ್ ಕಟ್ಟಿ ಮುಚ್ಚುವ ಹೊದಿಕೆ, ಎಲ್ಲವೂ ಒಬ್ಬ ಮನುಷ್ಯನ ಅಳತೆಯವು. ಅಡಗಿದವನು ಸಿಕ್ಕರೆ ಗಾಡಿಯವರಿಗೆ, ಸಿಕ್ಕ ಒಂದೊಂದು ತಲೆಗೆ 10,000 ಪೌಂಡಿನವರೆಗೆ ದಂಡ ಹಾಕಬಹುದು. 2023ರ ಫೆಬ್ರುವರಿಗೆ ಮುನ್ನ ಆ ಮಿತಿ 2,000 ಇತ್ತು. ಫ್ರಾನ್ಸಿನಿಂದ ಮನೆಗೆ ಮರಳಿದ ಎಸೆಕ್ಸಿನ ದಂಪತಿ ತಮ್ಮ ಮೋಟರ್‌ಹೋಮಿನ ಸೈಕಲ್ ಹೊದಿಕೆ ಬಿಚ್ಚಿದಾಗ ಒಳಗೊಬ್ಬ ಯುವಕನಿದ್ದ. ತಾವೇ ಪೊಲೀಸರನ್ನು ಕರೆದರು. ಆಮೇಲೆ ಅವರಿಗೇ 1,500 ಪೌಂಡಿನ ದಂಡದ ಪತ್ರ ಬಂದು ದೊಡ್ಡ ಸುದ್ದಿಯಾಯಿತು. ಕರೆದು ಹೇಳಿದವರಿಗೇ ದಂಡ ಹಾಕಿದರೆ ಮುಂದಿನವರು ಕರೆಯುತ್ತಾರೆಯೇ ಎಂದು ನನಗಂತೂ ಅನುಮಾನ.

ಆದ್ದರಿಂದ ಬಂದರಿಗೆ ಹತ್ತಿರವಾದಂತೆ ಎಲ್ಲೆಂದರಲ್ಲಿ ನಿಲ್ಲಿಸಬಾರದು. ನಿಲ್ಲಿಸಿದ್ದರೆ ಹೊರಡುವ ಮುನ್ನ ಪ್ರತಿ ಬಾಗಿಲು, ಪ್ರತಿ ಪೆಟ್ಟಿಗೆ ತೆರೆದು ನೋಡಿ ಬೀಗ ಹಾಕಬೇಕು. ಕ್ಯಾಲೆಗೆ ಮುನ್ನ ನಾವು ಕೊನೆಗೆ ನಿಂತದ್ದು ಒಂದು ಪೆಟ್ರೋಲ್ ಬಂಕಿನಲ್ಲಿ. ಅಳಿಯ ಹೊದಿಕೆ, ಚಕ್ರ, ಕೊಂಡಿ ನೋಡುತ್ತಿದ್ದ. ನಾನು ಸಿಲಿಂಡರಿನ ವಾಲ್ವನ್ನು ಮುಟ್ಟಿ ನೋಡಿದೆ, ಮೂಸಿಯೂ ನೋಡಿದೆ. ಒಳಗೆ ನನ್ನ ಹೆಂಡತಿ ಹಾಸಿಗೆಯ ಹಲಗೆ ಎತ್ತಿ, ಕತ್ತಲ ಪೆಟ್ಟಿಗೆಯೊಳಗೆ ತಲೆ ಹಾಕಿ, "ಯಾರಾದರೂ ಇದ್ದೀರೇನಪ್ಪಾ?" ಎಂದು ಕನ್ನಡದಲ್ಲಿ ಕೇಳುತ್ತಿದ್ದಳು. ಮಗಳು ನಕ್ಕಳು. "ನಗಬೇಡ" ಎಂದಳು ಇವಳು, "ಇದ್ದರೆ ಪಾಪ, ಉಸಿರು ಕಟ್ಟುತ್ತದೆ." ಹಲಗೆ ಹಾಕುವ ಮೊದಲು ಇನ್ನೊಮ್ಮೆ ಕೇಳಿದಳು.